ಒಂದೂವರೆ ಸುತ್ತು

ಬನ್ನಿಮಂಟಪದ ಮಸಿ ಕಾರ್ಖಾನೆಯಲ್ಲಿ
ನನ್ನ ಕೆಲಸ ಮುಚ್ಚಳ ತಿರುಗಿಸುವುದು.
ಬಲಕ್ಕೆ ಒಂದೂವರೆ ಸುತ್ತು,
ತಲೆಕೆಳಗು ಹಿಡಿದು ಮೂರು ಎಣಿಸಿದರೆ
ಸೋರುತ್ತದೋ ಇಲ್ಲವೋ ಶೀಶೆಯೇ ಹೇಳುತ್ತದೆ.
ಹತ್ತೊಂಬತ್ತು ವರ್ಷದಿಂದ ಕೇಳಿಸಿಕೊಳ್ಳುತ್ತಿದ್ದೇನೆ.

ಆಷಾಢದಲ್ಲಿ ಬಂತು ಹೊರದೇಶದ ಆರ್ಡರು.
ಡಬ್ಬದ ಮೇಲಿನ ಅಕ್ಷರ ಇಂಗ್ಲಿಷಿನದೇ,
ಮಾತು ಮಾತ್ರ ಇಂಗ್ಲಿಷಲ್ಲ.
ಸೂಪರ್‌ವೈಸರ್ ಚಿಕ್ಕರಾಜು
ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡೇ ಹೇಳಿದ ದೇಶದ ಹೆಸರು
ನಮಗೆ ಯಾರಿಗೂ ದಕ್ಕಲಿಲ್ಲ.
ಅವತ್ತೇ ಒಂದು ಶೀಶೆ ಸೋರಿ
ನನ್ನ ಹೆಬ್ಬೆರಳು ಕಪ್ಪಾಯಿತು.

ಸಂಜೆ ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತಿದ್ದ
ಮಹಡಿಯ ಹುಡುಗ ಬೆರಳನ್ನೇ ನೋಡಿದ.
ಫಾರ್ಮಸಿ ಓದುವವನು. ಹೆಸರು ಸೇಕು,
ನಮ್ಮತ್ತೆಯ ಬಾಯಲ್ಲಿ ಶೇಖರ.
ನಾನು ಕೊಟ್ಟ ಸೊಪ್ಪಿನ ಸಾರಿಗೆ ಕಡಲೆಬೀಜ ಅರೆದು ಹಾಕಿ
ಈಗ ನಮ್ಮಮ್ಮನ ಥರ ಆಯ್ತು ಅನ್ನುವವನು.
‘ಅಕ್ಕ, ಓಟು?’
‘ಇಲ್ಲಪ್ಪ, ಸೋರಿದ್ದು.’
ಡಬ್ಬದ ಮೇಲಿದ್ದುದನ್ನು ನೆನಪಿದ್ದಷ್ಟು ಹೇಳಿದೆ.
ಕೊಡ ತುಂಬಿ ಚೆಲ್ಲುತ್ತಿತ್ತು, ಅವನು ನಲ್ಲಿ ನಿಲ್ಲಿಸಲಿಲ್ಲ.

ಮೂವತ್ತೊಂದು ವರ್ಷ ಒಂದೇ ಮುಖವಂತೆ,
ನೋಟಿನ ಮೇಲೆ, ಶಾಲೆಯ ಗೋಡೆಯ ಮೇಲೆ,
ಔಷಧಿಯ ಚೀಟಿಯ ಮೇಲೂ.
ಅವರಪ್ಪ ಒಂದು ಸಲ ಓಟು ಹಾಕಲು ಹೋದಾಗ
ಪೆಟ್ಟಿಗೆ ಆಗಲೇ ತುಂಬಿತ್ತಂತೆ.

ಎಣಿಕೆಯ ರಾತ್ರಿ ಮೇಲಿನ ದೀಪ ಆರಲೇ ಇಲ್ಲ.
ನಾವು ಅವರಿಗಿಂತ ಐದೂವರೆ ಗಂಟೆ ಮುಂದೆ.
‘ಮುಂದಿರೋರಿಗೆ ಮುಂದಾಗೋದು ಗೊತ್ತಿರಬೇಕಲ್ಲ,
ಹೇಳೇ ಅವನಿಗೆ’ ಅಂತ ನಮ್ಮತ್ತೆ, ಕೌದಿಯೊಳಗಿಂದ.

ಹಾಲಿನವನು ಬರುವ ಹೊತ್ತಿಗೆ ಇಳಿದು ಬಂದ.
ಕೆಳಗಿನ ಮೆಟ್ಟಿಲ ಮೇಲೆ ಕೂತ.
‘ಸೋತ. ಸೋತೆ ಅಂತ ಅವನೇ ಹೇಳಿದ, ಟೀವಿಯಲ್ಲಿ.’
‘ಹೊಡಿ ಮತ್ತೆ ಪಟಾಕಿ!’ ನಮ್ಮ ಮನೆಯವರು ಎದ್ದೇ ಬಿಟ್ಟರು.
‘ಸೈನ್ಯ ಇನ್ನೂ ಬೀದಿಯಲ್ಲೇ ಇದೆ, ಅಣ್ಣ.
ಗೆದ್ದವನೂ ಒಂದು ಕಾಲಕ್ಕೆ ಅವನ ಮಂತ್ರಿಯೇ.’
ಆಮೇಲೆ ಅತ್ತ. ಆಮೇಲೆ
ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಕೇಳಿದ.

ಫೋನಿನಲ್ಲಿ ಅವನ ಅಮ್ಮನ ಬೆರಳು.
ಬಾಗಿಲಿನ ಬಿಸಿಲಿಗೆ ಒಡ್ಡಿ ಹಿಡಿದದ್ದು,
ಹಿಂದೆ ಕೋಳಿಯೊಂದು, ಅರ್ಧ.
ಮಸಿ ಉಗುರು ದಾಟಿ ಚರ್ಮಕ್ಕೂ ಹತ್ತಿದೆ,
ಹಚ್ಚಿದವನ ಕೈ ನಡುಗಿರಬೇಕು.
ಆ ಶೀಶೆಯ ಮುಚ್ಚಳ ತಿರುಗಿಸಿದ್ದು ನಾನೋ,
ಪಕ್ಕದ ಸ್ಟೂಲಿನ ಫರ್ಜಾನಳೋ.
ಇಬ್ಬರೂ ನಾನೇ ಅಂದುಕೊಂಡೆವು, ಜಗಳವಿಲ್ಲ.

ನಮ್ಮ ಮಸಿ ಹಚ್ಚಿದ ಕೂಡಲೇ ಕಪ್ಪಲ್ಲ.
ನೇರಳೆ ಹಣ್ಣು ತಿಂದ ನಾಲಗೆಯ ಬಣ್ಣ.
ಬೆಳಕು ತಾಕಿದ ಮೇಲೆ ಕಚ್ಚಿಕೊಳ್ಳುತ್ತದೆ.
‘ಅದರಲ್ಲಿ ಬೆಳ್ಳಿ ಇದೆ, ಅಕ್ಕ’ ಅಂತ ಅವನು
ನನಗೇ ಪಾಠ ಹೇಳಿದ.
ಸೋಪಿಗೆ ಹೋಗುವುದಿಲ್ಲ, ಸೀಗೆಪುಡಿಗೂ ಇಲ್ಲ.
ಉಗುರೇ ಬೆಳೆದು ಅದನ್ನು ಆಚೆ ನೂಕಬೇಕು.

ಜೈಲಿನಲ್ಲಿ ಒಬ್ಬ ಚಿಕ್ಕಪ್ಪ ಇದ್ದಾನೆ.
ಮಸಿ ಅಳಿಯುವುದರೊಳಗೆ ಬಿಡಲಿ ನೋಡೋಣ
ಅಂತ ಅಮ್ಮನ ಗಡುವು.
ವಾರಕ್ಕೊಂದು ಫೋಟೋ ಬರುತ್ತದೆ.
ಗೌರಿಹಬ್ಬಕ್ಕೆ ಬುಡದಲ್ಲಿ ಅಕ್ಕಿಯಷ್ಟು ಬಿಳುಪು.
ದಸರೆಯ ದೀಪ ಇಳಿಸುವಾಗ ಅರ್ಧಕ್ಕರ್ಧ.
ನನ್ನ ಹೆಬ್ಬೆರಳು ಎಂದೋ ತಿಳಿಯಾಗಿದೆ.

ನಿನ್ನೆಯದರಲ್ಲಿ ತುದಿಗೊಂದು ಕಪ್ಪು ಗೆರೆ ಮಾತ್ರ,
ಕಾಡಿಗೆ ತೀಡಿದಷ್ಟು. ಉಗುರು ಉದ್ದ ಬಿಟ್ಟಿದ್ದಾಳೆ.
‘ಪಟ್ಟಿಯಲ್ಲಿ ಹೆಸರಿದೆಯಂತೆ’ ಅಂದ ಸೇಕು.
ಪಟ್ಟಿ ಕಣ್ಣಾರೆ ಕಂಡವರು ಯಾರೂ ಇಲ್ಲ.
ಆದರೂ ಮೊದಲೆಲ್ಲ ಪಟ್ಟಿಯೇ ಇರಲಿಲ್ಲವಲ್ಲ
ಅಂತ ಅವನೇ ಸೇರಿಸಿದ, ಕೊಡ ಹೆಗಲಿಗೇರಿಸುತ್ತ.

ಇವತ್ತು ಮತ್ತೊಂದು ದೇಶದ ಡಬ್ಬಗಳು ಬಂದಿವೆ.
ಶೀಶೆ ತಲೆಕೆಳಗು ಮಾಡಿ
ಮೂರು ಎಣಿಸುವ ಕಡೆ ನಾಲ್ಕು ಎಣಿಸುತ್ತೇನೆ.
‘ಯಾಕಮ್ಮ ಜಯಲಕ್ಷ್ಮಮ್ಮ, ಕೈ ನಿಧಾನ ಆಯ್ತು’
ಅನ್ನುತ್ತಾನೆ ಚಿಕ್ಕರಾಜು.