ಗೂಡಿನೊಳಗೆ ಮುನ್ನೂರು ಫ್ರೇಮು

ಗುದೈಬಿಯಾದ ಗಲ್ಲಿಯಲ್ಲಿ ದರ್ಜಿಯಂಗಡಿಯ ಮೇಲೆ
ನಮ್ಮ ಸ್ಟುಡಿಯೋ. ಆಗಸ್ಟು.
ಏಸಿಯ ನೀರು ಬಕೆಟ್ಟಿಗೆ ತೊಟ್ಟಿಕ್ಕುತ್ತದೆ,
ತುಂಬಿದಾಗ ಚೆಲ್ಲುವುದೂ ಎಡಿಟರಳ ಕೆಲಸ.

ಹಡಗು ರಿಪೇರಿಯ ಕಂಪನಿಗೆ ಇಪ್ಪತ್ತೈದು ತುಂಬಿತು.
ಏಳು ನಿಮಿಷದ ಚಿತ್ರ, ಹೋಟೆಲಿನಲ್ಲಿ ತೋರಿಸುತ್ತಾರಂತೆ
ಗುರುವಾರ, ಊಟಕ್ಕೆ ಮುಂಚೆ.
ಮಂಗಳವಾರ ರಾತ್ರಿ ಫೋನು:
ಎರಡು ನಿಮಿಷ ಹದಿನಾಲ್ಕರಿಂದ
ಹಳದಿ ಹೆಲ್ಮೆಟ್ಟಿನವನೊಬ್ಬ ಬರುತ್ತಾನೆ, ತೆಗೆಯಿರಿ.
ಕುರಿಯಾಕೋಸ್ ಸಾರ್ ಯಾಕೆಂದು ಕೇಳಲಿಲ್ಲ,
ಬಿಲ್ಲಿನ್ನೂ ಪಾಸಾಗಿಲ್ಲ.
"ಆತ ಈಗ ಕಂಪನಿಯಲ್ಲಿಲ್ಲವಂತೆ" ಎಂದರು ನನಗೆ,
ಚಹಾದ ಲೋಟ ಹುಡುಕುತ್ತ.

ಇಲ್ಲ ಅನ್ನುವುದಕ್ಕೆ ಈ ದ್ವೀಪದಲ್ಲಿ ಅರ್ಥ ಬಹಳ.
ಸಂಬಳ ಕೇಳಿದವನೂ ಇಲ್ಲ,
ಪೆಟ್ಟಿಗೆಯಲ್ಲಿ ವಿಮಾನ ಹತ್ತಿದವನೂ ಇಲ್ಲ.

ಮೂರು ಕ್ಯಾಮೆರಾದ ಚಿತ್ರ ಒಂದರ ಮೇಲೊಂದಿಟ್ಟು
ಗಂಟು ಕಟ್ಟಿದರೆ ಅದು ನೆಸ್ಟು. ಗೂಡು.
ಕಲಿಯುವಾಗ ನಗು ಬಂದಿತ್ತು:
ಕಡ್ಡಿಯಿಲ್ಲ, ಮೊಟ್ಟೆಯಿಲ್ಲ, ಬರೀ ಒಂದು ಹಸಿರು ಪಟ್ಟಿ.
ಆಮೇಲೆ ಅವ್ವನ ಗೋಡೆಗೂಡು ನೆನಪಾಯಿತು.
ಅಲ್ಲಿ ಬಿಸ್ಕಿಟ್ಟಿನ ಡಬ್ಬಿ, ಡಬ್ಬಿಯಲ್ಲಿ ಸಂಚಿ,
ಸಂಚಿಯಲ್ಲಿ ಇನ್ನೊಂದು ಸಂಚಿ, ಅದರಲ್ಲಿ
ಒತ್ತೆಯಿಟ್ಟ ಬೋರಮಾಳದ ಚೀಟಿ.
ಬಂದವರಿಗೆ ಕಾಣುತ್ತಿದ್ದದ್ದು
ಡಬ್ಬಿಯ ಮೇಲೆ ನಗುವ ಕೂಸು.

ಎರಡು ಸಲ ಒತ್ತಿದೆ. "ಯಾರ್ಡು" ತೆರೆಯಿತು.
ಅದರೊಳಗೆ "ಯಾರ್ಡು ಸಂಜೆ". ಅದರೊಳಗೆ
ಹೆಸರಿಡಲು ಸೋಮಾರಿಯಾಗಿ ಬಿಟ್ಟ "ನೆಸ್ಟ್ ೧೪".
ಅಲ್ಲಿದ್ದ.
ಆಯ್ಕೆ ಮಾಡಿ ಅಳಿಸಿದೆ, ಯೋಚಿಸದೆ,
ಹೊರಗೆ ಬಂದರೆ ಹನ್ನೊಂದು ಕಡೆ ಕತ್ತಲು.
ಚೇರ್ಮನ್ನರ ಮಾತಿನ ನಡುವೆಯೂ ಒಂದು ತೂತು,
ಅಲ್ಲಿ ಅವನಿದ್ದನೆಂದೇ ನನಗೆ ಗೊತ್ತಿರಲಿಲ್ಲ:
ಮೂಲೆಯಲ್ಲಿ ಬರೀ ಮೊಣಕೈ.

ಹಿಂದಕ್ಕೆ ಬಂದೆ. ಮೊದಲಿನಂತಾಯಿತು.
ಈ ಒಂದು ಗುಂಡಿ ಹೊರಗಿನ ಲೋಕಕ್ಕೂ ಇದ್ದಿದ್ದರೆ
ಎಂದು ಎಲ್ಲ ಎಡಿಟರುಗಳೂ ಒಮ್ಮೆ ಅಂದುಕೊಳ್ಳುತ್ತಾರೆ,
ಆಮೇಲೆ ಊಟಕ್ಕೆ ಹೋಗುತ್ತಾರೆ.

ಅವನ ಮೇಲೆ ಕ್ರೇನು ಹೊದಿಸಿದೆ. ಕ್ರೇನಿನ ಹಿಂದೆ ಆಕಾಶ,
ಸ್ವಲ್ಪ ನೀಲಿ ಹೆಚ್ಚಿಸಿದೆ.
ಒಳಗೆ ಒಮ್ಮೆ ಮುಟ್ಟಿದ್ದು
ಹೊರಗೆ ಹನ್ನೊಂದು ಕಡೆ ಸದ್ದಿಲ್ಲದೆ ಬದಲಾಯಿತು.
ಅಚ್ಚುಕಟ್ಟು. ಸಾರ್ ಭುಜ ತಟ್ಟಿದರು.

ಉಳಿದದ್ದು ಶುರುವಿನ ಹನ್ನೆರಡು ಸೆಕೆಂಡು.
ಸೆಕೆಂಡಿಗೆ ಇಪ್ಪತ್ತೈದರಂತೆ ಮುನ್ನೂರು ಫ್ರೇಮು,
ಚಿತ್ರ ಶುರುವಾಗುವ ಗೆರೆಗಿಂತ ಆಚೆ,
ಯಾರಿಗೂ ಕಾಣದ ಕಡೆ.

ಸಿತ್ರಾದ ಯಾರ್ಡಿನಲ್ಲಿ ಆವತ್ತು
ಕ್ಲ್ಯಾಪ್ ಬೋರ್ಡು ವ್ಯಾನಿನಲ್ಲೇ ಮರೆತಿದ್ದೆ.
ಯಾರೂ ಕರೆಯದೆ ಅಟ್ಟಣಿಗೆಯಿಂದ ಇಳಿದು ಬಂದ.
ಎದೆಯ ಬಿಲ್ಲೆಯಲ್ಲಿ ಗ್ರೀಸು ಮೆತ್ತಿ ಉಳಿದದ್ದು "ಮೊಫಿಜು",
ಕೊನೆಯಕ್ಷರ ನಾನೇ ಸೇರಿಸಿಕೊಂಡೆ.
ಕೈಗವಸು ಕಳಚಿ ಹಲ್ಲಲ್ಲಿ ಕಚ್ಚಿಕೊಂಡು
ತಟ್ಟಿದ ಒಂದು ಚಪ್ಪಾಳೆ.
ಮೂರು ಕ್ಯಾಮೆರಾದಲ್ಲೂ ದನಿಯ ಗೆರೆ
ಒಂದೇ ಸಲ ಮುಳ್ಳಿನಂತೆ ಎದ್ದು ನಿಂತಿದೆ.
ಮುಳ್ಳಿಗೆ ಮುಳ್ಳು ಕೂಡಿಸಿಯೇ ನಾನು
ಈ ಇಡೀ ಗೂಡು ಕಟ್ಟಿದ್ದು.
ಚೇರ್ಮನ್ನರ ತುಟಿಗೂ ಮಾತಿಗೂ ತಾಳೆಯಾಗುವುದು
ಅದರಿಂದ.

ಅದನ್ನೂ ಕತ್ತರಿಸಬಹುದು. ಕೂಡಿದ್ದು ಕೂಡಿಯೇ ಇರುತ್ತದೆ,
ಚಿತ್ರಕ್ಕೆ ಗೊತ್ತೇ ಆಗುವುದಿಲ್ಲ.
ಕೇಳಿದ್ದು ಎರಡು ಹದಿನಾಲ್ಕರಿಂದ ಮುಂದಿನದು,
ಅಂದುಕೊಂಡು ಉಳಿಸಿದೆ. ಧೈರ್ಯವೇನಲ್ಲ,
ರಾತ್ರಿ ಎರಡೂವರೆ, ಬಕೆಟ್ಟು ತುಂಬಿತ್ತು.

ಹಣ ಬಂತು. ಡಿಸ್ಕು ಕಪಾಟಿಗೆ ಹೋಯಿತು.
ಮುಂದೆಂದೋ ಯಾವನೋ ಹುಡುಗ ಕೈತಪ್ಪಿ
ಪಟ್ಟಿಯ ಅಂಚನ್ನು ಎಡಕ್ಕೆ ಎಳೆದರೆ
ಅವನು ಇಳಿದು ಬರುತ್ತಾನೆ. ತಟ್ಟುತ್ತಾನೆ.
ಕಚ್ಚಿದ ಗವಸಿನ ಸಂದಿಯಲ್ಲೇ ಕೇಳುತ್ತಾನೆ, "ಔರ್ ಏಕ್?"
ಆಗ ಕ್ಯಾಮೆರಾದ ಹಿಂದಿನಿಂದ
ನನ್ನದೇ ದನಿ, ಅವಸರದ್ದು:
"ಬಸ್, ಹೋಗಯಾ.
ಫ್ರೇಮಿನಿಂದ ಆಚೆ ಹೋಗು."