ಪಾಸಂಗ

ಚೌಬಾರದ ಹಿಂದಿನ ಓಣಿ, ಝರೆಪ್ಪನವರ ಡಿಟಿಪಿ ಅಂಗಡಿ,
ಮಧ್ಯಾಹ್ನ ಎರಡೂವರೆ.
ನಾನು ‘ನಡು’ ಅನ್ನುವ ಗುಂಡಿ ಒತ್ತುತ್ತೇನೆ.
ಗುಂಡಿ ನೀಲಿಯಾಗುತ್ತದೆ, ಆಯ್ತು ಅಂದ ಹಾಗೆ.
ಸಾಲು ಕದಲುವುದಿಲ್ಲ.

ಎಡ ಒತ್ತಿದೆ. ಬಲ ಒತ್ತಿದೆ.
ಹೋದ ತಿಂಗಳು ನಾನೇ ಕಟ್ಟಿಟ್ಟ ಸ್ಟೈಲು
‘ಬೋರ್ಡ್ ದೊಡ್ಡದು’, ಅದರ ಮೇಲೆ ಎರಡು ಸಲ ಕುಟ್ಟಿದೆ.
ಅಕ್ಷರ ದಪ್ಪಗಾದವು, ಕೆಂಪಗಾದವು.
ಮಹೆತಾಬ್ ಕಾಟಾ ರಿಪೇರಿ ಮಾತ್ರ
ಎಡಗಡೆ ಗೋಡೆಗೆ ಬೆನ್ನು ಹಚ್ಚಿ,
ರೇಶನ್ ಪಾಳಿಯವರ ಹಾಗೆ, ಕೂತೇ ಇತ್ತು.

ಕೆಳಗೆ ಉರ್ದು. ಅದು ಬಲದಿಂದ ಹೊರಟು
ನಡುದಾರಿಯಲ್ಲೇ ಕೈಬಿಟ್ಟುಕೊಂಡು
ಅಕ್ಷರ ಅಕ್ಷರವೂ ಒಂಟಿಯಾಗಿ ನಿಂತಿತ್ತು.
ನನಗೆ ಓದಲು ಬರದು.
ಮುರಿದದ್ದು ಓದದೆಯೂ ಕಾಣುತ್ತದೆ.

ಸ್ಟೂಲಿನ ಮೇಲೆ ಮಹೆತಾಬ್ ಸಾಬರು.
ಅವರಿಗೆ ಕನ್ನಡ ಓದಲು ಬರದು.
ನಲವತ್ತು ವರ್ಷ ಉಸ್ಮಾನಗಂಜಿನ ಅಡತಿಗಳ ತಕ್ಕಡಿ ಬಿಚ್ಚಿ,
ಎಣ್ಣೆ ಹಚ್ಚಿ, ಮುದ್ರೆ ಹಾಕಿಸಿ ಕೊಟ್ಟ ಕೈ
ತೊಡೆಯ ಮೇಲೆ ಸುಮ್ಮನಿತ್ತು.
“ಮುಳ್ಳು ನಿಂತಿಲ್ಲ ಬಾಯಿ,” ಅಂದರು,
“ಎಡಕ್ಕ ಬಿದ್ದದ.”

ಝರೆಪ್ಪನವರು ಫೋನಿನಲ್ಲಿದ್ದರು. ಹಳೆಯ ಆಟ ಹೂಡಿದೆ.
ಸಾಲಿನ ಮುಂದೆ ಸ್ಪೇಸು, ಹನ್ನೊಂದು ಸಲ.
ಜರುಗಿತು. ನೋಡಲು ನಡುವಿನ ಹಾಗೆಯೇ.
ಸಾಬರು ನಕ್ಕರು. “ಪಾಸಂಗ ಇಟ್ಟಿ ನೋಡು.”
ಮೇಲೆದ್ದ ತಟ್ಟೆಯ ಅಡಿ ಚೂರು ಸೀಸ, ಒಂದು ಹುಣಸೆಬೀಜ
ಅಂಟಿಸಿ ಸಮ ತೋರಿಸುವ ಯುಕ್ತಿಗೆ
ಅವರ ಕಸುಬಿನಲ್ಲಿ ಆ ಹೆಸರು.
“ತಟ್ಟಿ ಬದಲಾದ ದಿನ ಸಿಕ್ಕಿಬೀಳ್ತಿ.”
ಅಕ್ಷರ ಒಂದು ಸೈಜು ಇಳಿಸಿ ನೋಡಿದೆ.
ಸಿಕ್ಕಿಬಿದ್ದೆ.

ಹನ್ನೊಂದನ್ನೂ ಅಳಿಸಿ, ಸಾಲನ್ನು ಮುಟ್ಟಿದೆ.
ಸುತ್ತ ಎಂಟು ಸಣ್ಣ ಚೌಕಗಳು ಎದ್ದವು, ಆಗ ಕಂಡಿತು ಡಬ್ಬಿ.
ಕಿಷ್ಕಿಂಧೆ. ಅಕ್ಷರಕ್ಕೆ ಅಂಟಿಕೊಂಡ ತೊಗಲಿನಂತೆ
ಅತ್ತ ಇತ್ತ ಕೂದಲೆಳೆಯ ಸಂದಿಲ್ಲ.
ನಾನು ಹೇಳಿದಾಗೆಲ್ಲ ಪಾಪ ಅದು ನಡುವಿಗೇ ಬಂದಿತ್ತು,
ತನ್ನಷ್ಟೇ ಅಗಲದ ಜಾಗದಲ್ಲಿ.
ನಮ್ಮ ಮನೆಯಲ್ಲೂ ಐದು ಜನ ಮಲಗಿದ ಮೇಲೆ
ಎಡ ಯಾವುದು, ಬಲ ಯಾವುದು.

ಅಂಚು ಹಿಡಿದು ಎಳೆದೆ, ಬೋರ್ಡಿನ ಈ ತುದಿಯಿಂದ ಆ ತುದಿಗೆ.
ಸಾಲು ತಾನಾಗಿ ಹಾರಿ ನಡುವಿಗೆ ಕೂತಿತು.
ಉರ್ದುವನ್ನು ಸಾಬರೇ ಬಿಲ್ಲಿನ ಬೆನ್ನ ಮೇಲೆ
ಸ್ಕೆಚ್ ಪೆನ್ನಿನಲ್ಲಿ ಬರೆದುಕೊಟ್ಟರು, ಒಂದೇ ಉಸಿರಿಗೆ.
ಸ್ಕ್ಯಾನ್ ಮಾಡಿ ಚಿತ್ರದಂತೆ ಕೂರಿಸಿದೆ.

ಒಂದು ಕಣ್ಣು ಮುಚ್ಚಿದರು.
“ಕನ್ನಡ ಇನ್ನ ಒಂದು ಗುಂಜಿ ಎಡಕ್ಕ ಭಾರ ಅದ.”
ಅಳತೆಪಟ್ಟಿ ತೋರಿಸಿದೆ. ಎರಡೂ ಕಡೆ ಅಷ್ಟಕ್ಕಷ್ಟೆ.
“ಅದು ಜಾಗ ಅಳೀತದ ಬಾಯಿ, ತೂಕ ಅಲ್ಲ.”
ಹೌದು, ‘ಮಹೆತಾಬ್’ ಮೈದುಂಬಿದ ಮಾತು,
‘ರಿಪೇರಿ’ ಬರೀ ಗಾಳಿ.
ಬಲಬಾಣದ ಕೀಲಿ ಒತ್ತಿದೆ, ಒಂದು, ಎರಡು, ಮೂರು.
“ಬಸ್.”
ಸ್ಟೈಲಿನ ಹೆಸರಿನ ಪಕ್ಕ ಒಂದು ಕೂಡುಚಿಹ್ನೆ ಮೂಡಿತು,
ನಿಯಮ ಮುರಿದಿದ್ದೀ ಅಂತ.
ಇರಲಿ ಬಿಟ್ಟೆ.

ಗುರುವಾರ ಆ ಕಡೆ ಹೋದಾಗ
ಬೋರ್ಡು ಏರಿತ್ತು. ಎಡಗಡೆಯ ಮೊಳೆ ಬೆರಳಷ್ಟು ಕೆಳಗೆ.
ನಮ್ಮ ಹುಡುಗನೇ ಹೊಡೆದದ್ದು. ನಾಚಿಕೆಯಾಯಿತು.
ಸಾಬರು ಒಳಗೆ ತಟ್ಟೆಯ ಸರಪಳಿ ಎಣಿಸುತ್ತಿದ್ದರು.
ಕತ್ತೆತ್ತಲಿಲ್ಲ.
“ಬಾ, ಚಹಾ ಕುಡಿ.
ಬೋರ್ಡಿಗೇನು ಸರ್ಕಾರದ ಮುದ್ರೆ ಬೇಕಾ?”