ಮುಂದಿನ ಬಾಗಲ

ಮೂರು ವರ್ಷ ಆತು, ಹಿಂದಿನ ಬಾಗಲಕ್ಕೇ ಹೋಗತೀನಿ ನಾ.
ಗುಂಪಾ ರಸ್ತೆ, ಟೈರಿನ ಅಂಗಡಿ ಮಗ್ಗಲು.
ಟಿವಿಎಸ್ ಗಾಡಿ, ಗಾಡಿ ಮ್ಯಾಲ ನೀಲಿ ಡಬ್ಬಿ,
ಡಬ್ಬಿ ಮ್ಯಾಲ ಗೋಣಿಚೀಲ, ಅದರ ಮ್ಯಾಲ ಇನ್ನೊಂದು.
ಬರ್ಫ ಕರಗತದಂತ ಅಲ್ಲ,
ರಸ್ತೆಗೆ ಕಣ್ಣ ಇರ್ತಾವಂತ.

ಇವತ್ತ ಪ್ರಭುದಾಸ ಫೋನ್ ಹಚ್ಚಿದ:
‘ಘಾಳೆಪ್ಪಣ್ಣ, ಮಗಳಿನ ಕರಕೊಂಡು ಉಣ್ಣಾಕ ಬಾ.
ಮುಂದಿನಿಂದ ಬಾ.’

ಮಂಗಲಪೇಟದ ಹುಡುಗ. ಹನ್ನೊಂದು ವರ್ಷ ಜಪಾನದಾಗ
ಭಾಂಡಿ ತೊಳದು, ಉಳ್ಳಾಗಡ್ಡಿ ಹೆಚ್ಚಿ,
ಕಡೀಕ ಒಲಿ ಮುಂದ ನಿಂತು ಬಂದವ.
ಅವನಲ್ಲಿ ಉಣ್ಣೋರು ಏರ್‌ಫೋರ್ಸಿನ ಹುಡುಗ್ರು,
ಮಣಿಪುರದವ್ರು, ಮಿಜೋರಾಮದವ್ರು,
ಮತ್ತ ಮನ್ಯಾಗ ಹೇಳದೆ ಬರೋ ನಮ್ಮೂರವ್ರು ನಾಕ ಮಂದಿ,
ಗ್ವಾಡಿ ಕಡಿ ಮುಖ ಮಾಡಿ ಕೂಡೋರು.

ಅಂಗಿ ಇಸ್ತ್ರಿ ಮಾಡಿಸಿದ್ದೆ.
ಕೈ ಮೂರು ಸಲ ತೊಳದು ಮೂಸಿ ನೋಡಿದ್ದೆ.
ಗಾಡಿ ಮಾತ್ರ ರೂಢಿ ಬಿಡಲಿಲ್ಲ,
ತಾನೇ ಹಿಂದಿನ ಗಲ್ಲಿಗಿ ಹೊಳ್ಳಿ ನಿಂತಿತು.

ಸುಕೇಶಿನಿ ಕಾರ್ಡಿನ ಮ್ಯಾಲ ಬಟ್ಟ ಹಚ್ಚಿ ಓದಿದಳು:
ಕಾಗೋಶಿಮಾದ ಕರಿ ಹಂದಿ,
ಒಬಿಹಿರೊದ ಹಂದಿ ಅನ್ನ,
ನಾಗೋಯಾದ ಕಟ್ಸು,
ಓಕಿನಾವಾದ ಬೆಲ್ಲದ ಹಂದಿ.
‘ಏನವ್ವಾ ಇವೆಲ್ಲ, ಕಾಗೋ ಅದು ಇದು?’
‘ಊರಿನ ಹೆಸರಪ್ಪಾ.’
ಹಂದಿ ಮುಂದ ಊರಿನ ಹೆಸರು?
ಮಂದಿ ನಮ್ಮ ಓಣಿಗಿ ಹಂದಿ ಹೆಸರು ಇಟ್ಟಾರ,
ಹಂದಿಗಿ ಓಣಿ ಹೆಸರು ಇಟ್ಟವ್ರನ್ನ ನಾ ಕಂಡಿಲ್ಲ.

ಬಂತು. ಬಟ್ಟಲ ಕರೀದು, ಅಂಚಿಗಿ ಬೆಳ್ಳಿ ಗೆರಿ.
ಬಿದ್ರಿ ಕೆಲಸ ಅಂತ ತಿಳದು ಎರಡೂ ಕೈಲೆ ಹಿಡದೆ.
ಪ್ಲಾಸ್ಟಿಕ್.
ಒಳಗ ಕಾಗದಕ್ಕಿಂತ ತೆಳ್ಳಗ ಕೊಯ್ದ ಚೂರು,
ಕುದಿಯೋ ನೀರಾಗ ಅದ್ದಿ ತಗದು ತಿನ್ನಬೇಕಂತ.
ತಿಂದೆ. ನಗು ಬಂತು.
ಹೆಸರು ಕಾಗೋಶಿಮಾ. ಹಂದಿ ನಂದು!
ನಿನ್ನೆ ಮುಂಜಾನಿ ಕಡದದ್ದು, ಹಣಿ ಮ್ಯಾಲ ಬಿಳಿ ಮಚ್ಚಿ,
ಭಾಳ ಹಟಮಾರಿ ಇತ್ತು.
ಮಗಳಿಗಿ ಹೇಳಲಿಲ್ಲ.
ಅಕಿ ಕಡ್ಡಿ ಎರಡು ಬೆರಳಸಂದಿಗಿ ಸಿಗಿಸಿಕೊಂಡು
ಅಲ್ಲೇ ಹುಟ್ಟಿದವರಗತೆ ಉಣ್ಣಲಿಕ್ಕತ್ತಿದ್ದಳು.

ಬೆಲ್ಲದ ಹಂದಿ ಬಾಯಾಗ ಇಟ್ಟರ ಹಲ್ಲಿಗಿ ಕೆಲಸ ಇಲ್ಲ.
ಕೊಬ್ಬು ನಡಗತಿತ್ತು, ದೀಪದಗತೆ.
ಹುಮನಾಬಾದದ ಬೆಲ್ಲ ಅಂದ ಪ್ರಭುದಾಸ,
ಅಲ್ಲಿಂದು ಕರೀದು ಸಿಗಲಿಲ್ಲಂತ.

ನಮ್ಮವ್ವ ಹಂದಿ ಬೇಯಿಸೋ ದಿನ
ಮೊದಲು ಒಂದು ಚಿಟಿಕಿ ಮಣ್ಣ ತೂರಿ ನೋಡತಿದ್ದಳು,
ಗಾಳಿ ಯಾ ಕಡಿ ಅದ ಅಂತ.
ನಾಲಾದ ಕಡಿ ಇದ್ದರ ಒಲಿ ಹಚ್ಚತಿದ್ದಳು.
ಊರ ಕಡಿ ಇದ್ದರ
ರೊಟ್ಟಿ, ಖಾರ, ಮಲಗೋದು.

ಕಡೀಕ ಒಂದು ಬಟ್ಟಲ ತಂದ, ಕಾರ್ಡಿನಾಗ ಇಲ್ಲದ್ದು.
ಹಸರು, ಹುಳಿ ವಾಸನಿ.
ಪುಂಡಿಪಲ್ಯ.
ಎಂದೋ ಒಮ್ಮೆ ಹಿಂದಿನ ಬಾಗಲದಾಗ ತೂಕ ಮಾಡೋವಾಗ
ಅವ್ವನ ಅಡಗಿ ಮಾತ ಬಾಯಿಬಿಟ್ಟಿದ್ದೆನೋ ಏನೋ.
ನಿಂತ ನೋಡಿದ, ಹೊಟ್ಟಿ ಮುಂದಿನ ಬಟ್ಟಿಗಿ ಕೈ ಒರಸಿಕೊಂತ.
‘ಹೆಂಗದ ಅಣ್ಣ? ಖರೆ ಹೇಳು.’
‘ಪುಂಡಿ ಲಗೂ ಹಾಕಿದಿ. ಕೊಬ್ಬು ಬಿಡಬೇಕು,
ಬಿಟ್ಟು ತಾನೇ ಕರೀಬೇಕು, ಆಮ್ಯಾಲ ಹಾಕಬೇಕು.
ಮತ್ತ ಬಳ್ಳೊಳ್ಳಿ ಜಜ್ಜು, ಕೊಯ್ಯಬ್ಯಾಡ.’
ತಲಿ ಹಾಕಿದ. ಕಿವಿ ಸಂದಿ ಪೆನ್ಸಿಲ್ ತಗದ:
‘ಕಾರ್ಡಿನಾಗ ಏನಂತ ಬರೀಲಿ? ಯಾ ಊರಿಂದು ಅಂತ?’

ಸುಕೇಶಿನಿ ಕಡ್ಡಿ ಕೆಳಗಿಟ್ಟು ನನ್ನ ನೋಡಿದಳು.
ಗ್ವಾಡಿ ಕಡಿ ಕುಂತವನೊಬ್ಬ
ಉಣ್ಣೋದು ನಿಲ್ಲಿಸಿದ, ತಿರುಗಲಿಲ್ಲ.
ನೀರು ಕುಡದೆ. ಮತ್ತೊಂದು ಗ್ಲಾಸ್ ಕುಡದೆ.
‘ಗಾಳಿ ನೋಡಿ ಹೇಳತೀನಿ’ ಅಂದೆ.

ಮುಂದಿನ ಬಾಗಲಿಂದೇ ಹೊರಗ ಬಂದೀವಿ.
ಗಂಟಿ ಟಣ್ ಅಂತು, ಕನ್ನಡಿಯಾಗ ಇಸ್ತ್ರಿ ಅಂಗಿ ಕಂಡಿತು.
ಟೈರಿನ ಅಂಗಡಿಯವ ಎದ್ದು
‘ಏನ್ ಘಾಳೆಪ್ಪ, ಇತ್ತ?’ ಅಂದ.
ಊಟಕ್ಕ ಬಂದಿದ್ದಿವಿ ಅಂದಳು ಮಗಳು, ಜೋರಾಗೇ.
ಆಮ್ಯಾಲ ಸುತ್ತ ಹಾಕಿ ನಡದೀವಿ,
ಗಾಡಿ ಹಿಂದ ನಿಂತಿತ್ತು.